ಜ್ವರ ಇರೋ ಮಗುವನ್ನ ಶಾಲೆಗೆ ಕಳಿಸ್ಬೇಡಿ, ಹಾಜರಿ ಚಿಂತೆ ನಮಗೆ ಬಿಡಿ

ಪ್ರೀತಿಯ ಪೋಷಕರಿಗೆ ನಮಸ್ಕಾರ,

ಈ ವಾರ ಗೇಟ್ ಹತ್ರ, ಫೋನಲ್ಲಿ, ಕ್ಲಾಸ್ ಗ್ರೂಪಲ್ಲಿ ಎಲ್ಲಾ ಕಡೆ ಒಂದೇ ಮಾತು, ಹೊಸ ಫ್ಲೂ ಬಂದಿದೆಯಂತೆ, ಮಕ್ಕಳನ್ನ ಕಳಿಸೋದಾ ಬೇಡ್ವಾ, ಶಾಲೆ ಮುಚ್ತಾರಾ ಅಂತ. ಅದಕ್ಕೇ ಎಲ್ರಿಗೂ ಒಟ್ಟಿಗೆ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಆದ್ರೂ ಪೂರ್ತಿ ಓದಿ, ಮನೇಲಿ ಅಜ್ಜಿ ತಾತ ಇದ್ರೆ ಅವರಿಗೂ ಓದಿ ಹೇಳಿ, ಹಗಲು ಹೊತ್ತು ಮಕ್ಕಳನ್ನ ನೋಡ್ಕೊಳ್ಳೋದು ಸುಮಾರು ಮನೆಗಳಲ್ಲಿ ಅವರೇ ಅಲ್ವಾ.

ಸದ್ಯಕ್ಕೆ ಶಾಲೆ ನಡೆಯುತ್ತೆ. ಮುಚ್ಚೋ ಆದೇಶ ಬಂದ್ರೆ ನಾನೇ ತಿಳಿಸ್ತೀನಿ, ಬೇರೆ ಯಾವ ಫಾರ್ವರ್ಡೂ ನಂಬ್ಬೇಡಿ.

ಈಗ ಮುಖ್ಯ ವಿಷಯ. ಬೆಳಿಗ್ಗೆ ಮೈ ಬಿಸಿ ಇದ್ರೆ ಒಂದು ಪ್ಯಾರಾಸಿಟಮಾಲ್ ಕೊಟ್ಟು ಯೂನಿಫಾರ್ಮ್ ಹಾಕಿ ಕಳಿಸಿಬಿಡೋದು ನಡೀತಿದೆ, ನಮಗೆ ಗೊತ್ತಾಗುತ್ತೆ. ಆ ಮಾತ್ರೆ ಕೆಲಸ ಮಾಡೋದು ನಾಲ್ಕರಿಂದ ಆರು ಗಂಟೆ ಅಷ್ಟೇ. ಪ್ರಾರ್ಥನೆ ಹೊತ್ತಿಗೆ ಚೆನ್ನಾಗೇ ಇರೋ ಮಗು ಡಬ್ಬಾ ತೆಗೆಯೋ ಹೊತ್ತಿಗೆ ಬೆಂಚಿನ ಮೇಲೆ ತಲೆ ಇಟ್ಟು ಮಲಗಿರುತ್ತೆ, ಕೆನ್ನೆ ಮುಟ್ಟಿದ್ರೆ ಸುಡ್ತಾ ಇರುತ್ತೆ, ಅಷ್ಟರಲ್ಲಿ ಪಕ್ಕದವನ ಬಾಟಲಿಯಿಂದ ನೀರು ಕುಡಿದು ಆಗಿರುತ್ತೆ. ಜ್ವರ ಇಳಿದ್ರೂ ವೈರಸ್ ಹೋಗಿರಲ್ಲ. ಜ್ವರ ಶುರುವಾಗೋಕೆ ಒಂದು ದಿನ ಮುಂಚೆಯಿಂದ ಹಿಡಿದು ಐದಾರು ದಿನ ಬೇರೆಯವರಿಗೆ ಹರಡುತ್ತೆ, ಮಕ್ಕಳಲ್ಲಿ ಇನ್ನೂ ಜಾಸ್ತಿ ದಿನ.

ನೀವು ಯಾಕೆ ಕಳಿಸ್ತೀರಿ ಅಂತಾನೂ ನನಗೆ ಗೊತ್ತು. ಹೋಟೆಲ್ ಕೆಲಸಕ್ಕೋ ಮನೆಕೆಲಸಕ್ಕೋ ಒಂದು ದಿನ ರಜೆ ಹಾಕಿದ್ರೆ ಸಂಬಳ ಕಟ್, ಊರಿಂದ ಬಂದು ನೋಡ್ಕೊಳ್ಳೋರು ಯಾರೂ ಇಲ್ಲ. ಅದಕ್ಕೇ ಹೇಳ್ತೀನಿ, ಜ್ವರಕ್ಕೆ ರಜೆ ಹಾಕಿದ ಮಗುವಿನ ಹಾಜರಿ ಬಗ್ಗೆ ಒಂದು ಮಾತೂ ಬರಲ್ಲ, ಸರ್ಟಿಫಿಕೇಟ್ ಬೇಡ, ತಪ್ಪಿದ ಟೆಸ್ಟ್ ಆಮೇಲೆ ಕೊಡ್ತೀವಿ. ಒಂದೇ ಚಾಳಲ್ಲಿ, ಅಂದ್ರೆ ಒಂದೇ ವಠಾರದಲ್ಲಿ ಇರೋ ಪೋಷಕರು ದಯವಿಟ್ಟು ಮಾತಾಡ್ಕೊಂಡು ಒಬ್ಬರಿಗೊಬ್ಬರು ಆಸರೆಯಾಗಿ. ಔಷಧಿ ಕೊಡದೇನೇ 24 ಗಂಟೆ ಜ್ವರ ಬರದಿದ್ರೆ ಆಮೇಲೆ ಕಳಿಸಿ, ಸ್ವಲ್ಪ ಒಣಕೆಮ್ಮು ಉಳಿದಿದ್ರೂ ಪರವಾಗಿಲ್ಲ.

ಹೊಸದು ಅಂದ್ರೆ ಏನು ಅಂತ ತುಂಬಾ ಜನ ಕೇಳಿದ್ರಿ. ಫ್ಲೂ ವೈರಸ್ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬದಲಾಗ್ತಾನೇ ಇರುತ್ತೆ, ಹೋದ ಸಲ ಬಂದಾಗ ಮೈಯಲ್ಲಿ ಬೆಳೆದ ಶಕ್ತಿ ಈ ಸಲದ್ದನ್ನ ಸರಿಯಾಗಿ ಗುರುತು ಹಿಡಿಯಲ್ಲ, ಅದಕ್ಕೇ ಒಮ್ಮೆಲೇ ಜಾಸ್ತಿ ಜನಕ್ಕೆ ಬರುತ್ತೆ. 2009ರಲ್ಲಿ ಬಂದ ಹಂದಿಜ್ವರ ನೆನಪಿರಬಹುದು, ಎಚ್1ಎನ್1, ಆಗಸ್ಟಲ್ಲಿ ಪುಣೆಯ ಒಬ್ಬಳು ಶಾಲಾ ಹುಡುಗಿ ತೀರಿಕೊಂಡ್ಲು, ಭಾರತದಲ್ಲೇ ಅದು ಮೊದಲ ಸಾವು, ಆಮೇಲೆ ಪುಣೆ ಮುಂಬೈ ಎರಡೂ ಕಡೆ ಶಾಲೆಗಳನ್ನ ಕೆಲವು ದಿನ ಮುಚ್ಚಿದ್ರು. ಅದೇ ಎಚ್1ಎನ್1 ಈಗ ಪ್ರತಿ ವರ್ಷ ಬಂದು ಹೋಗೋ ಫ್ಲೂಗಳಲ್ಲಿ ಒಂದು. ಹಾಗಾಗಿ ಹೊಸದು ಅಂದ ತಕ್ಷಣ ಗಾಬರಿ ಬೇಡ, ಹಾಗಂತ ಬರೀ ನೆಗಡಿ ಅಂತ ತಳ್ಳಿಹಾಕೋದೂ ಬೇಡ. ನೆಗಡಿ ನಿಧಾನಕ್ಕೆ ಏರುತ್ತೆ. ಫ್ಲೂ ಹಾಗಲ್ಲ, ಸಂಜೆ ಆಟ ಆಡ್ತಿದ್ದ ಮಗು ರಾತ್ರಿ ಹೊತ್ತಿಗೆ ಚಳಿ, ಮೈಕೈನೋವು ಅಂತ ಮುದುಡಿ ಮಲಗಿಬಿಡುತ್ತೆ.

ಹೆಚ್ಚಿನ ಮಕ್ಕಳಿಗೆ ಮನೇಲೇ ವಾಸಿ ಆಗುತ್ತೆ. ಗಂಜಿ, ನೀರು, ಎಳನೀರು, ನಿದ್ದೆ, ಇಷ್ಟು ಸಾಕು. ಪ್ಯಾರಾಸಿಟಮಾಲ್ ಸಿರಪ್ ಕೊಡೋ ಮುಂಚೆ ಬಾಟಲಿ ಮೇಲೆ ಬರೆದಿರೋದು ನೋಡಿ, 5 ಎಂಎಲ್‌ಗೆ 120 ಎಂಜಿ ಇರೋದೂ ಬರುತ್ತೆ, 250 ಎಂಜಿ ಇರೋದೂ ಬರುತ್ತೆ, ಅಣ್ಣನ ಬಾಟಲಿಯಿಂದ ತಂಗಿಗೆ ಅದೇ ಮುಚ್ಚಳದ ಅಳತೇಲಿ ಕೊಟ್ರೆ ಡಬಲ್ ಆಗಿಬಿಡುತ್ತೆ. ಮಗುವಿನ ತೂಕ ಹೇಳಿ ಡಾಕ್ಟರ್ ಹತ್ರ ಅಳತೆ ಕೇಳಿ. ಡಿಸ್ಪ್ರಿನ್, ಆಸ್ಪಿರಿನ್ ಮಕ್ಕಳಿಗೆ ಕೊಡಲೇಬೇಡಿ, ಫ್ಲೂ ಇದ್ದಾಗ ಅದರಿಂದ ಲಿವರ್, ಮೆದುಳಿಗೆ ಅಪಾಯ ಆಗಬಹುದು. ಮೆಡಿಕಲ್ ಅಂಗಡೀಲಿ ಕೇಳಿ ಆ್ಯಂಟಿಬಯೋಟಿಕ್ ತರ್ಬೇಡಿ, ಅದು ವೈರಸ್ ಮೇಲೆ ಕೆಲಸ ಮಾಡಲ್ಲ.

ಕರ್ಪೂರ ಏಲಕ್ಕಿ ಗಂಟು ಕಟ್ಟಿ ಕೊರಳಿಗೆ ಹಾಕೋದಾ ಅಂತ ಇಬ್ಬರು ತಾಯಂದಿರು ಕೇಳಿದ್ರು. ಬೇಡಮ್ಮಾ, ಅದರಿಂದ ಫ್ಲೂ ತಡೆಯೋಕಾಗಲ್ಲ, ಸಣ್ಣ ಮಕ್ಕಳು ಕರ್ಪೂರ ಬಾಯಿಗೆ ಹಾಕ್ಕೊಂಡ್ರೆ ಫಿಟ್ಸ್ ಬರಬಹುದು. ಒಂದೇ ಖೋಲಿಲಿ ಎಲ್ರೂ ಮಲಗೋ ಮನೇಲಿ ಬೇರೆ ರೂಮ್ ಎಲ್ಲಿಂದ ಬರ್ಬೇಕು, ಕಿಟಕಿ ತೆಗೆದಿಡಿ, ಕೆಮ್ಮೋ ಮಗುವನ್ನ ಕಿಟಕಿ ಕಡೆ ಉಳಿದವರ ಕಾಲ ಕಡೆಗೆ ತಲೆ ಬರೋ ಹಾಗೆ ಮಲಗಿಸಿ, ಟವೆಲ್ಲು ಲೋಟ ಬೇರೆ ಇಡಿ. ಲೋಕಲ್ ಟ್ರೇನ್ ಇಳಿದು ಬಂದೋರು ಮೊದಲು ಸೋಪ್ ಹಾಕಿ ಕೈ ತೊಳೆದು ಆಮೇಲೆ ಮಗು ಎತ್ಕೊಳ್ಳಿ.

ಲಸಿಕೆ ಇದೆ, ಆರು ತಿಂಗಳಾದ ಮೇಲೆ ಯಾರು ಬೇಕಾದ್ರೂ ಹಾಕಿಸ್ಕೊಬಹುದು, ಪ್ರತಿ ವರ್ಷ ಹಾಕಿಸ್ಬೇಕು. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲ ಆದ್ರೆ ನಾಲ್ಕು ವಾರ ಬಿಟ್ಟು ಎರಡನೇ ಡೋಸ್. ಹೆಚ್ಚಿನ ಕಡೆ ದುಡ್ಡು ಕೊಟ್ಟೇ ಹಾಕಿಸ್ಬೇಕು, ಎಲ್ರಿಗೂ ಆಗಲ್ಲ ಅಂತ ಗೊತ್ತು. ಆದ್ರೆ ಅಸ್ತಮಾ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರೋರು, ಬಸುರಿಯರು, ವಯಸ್ಸಾದವರು ಇದ್ರೆ ಅವರಿಗೆ ಮೊದಲು ನೋಡಿ. ಇವರಿಗೆ ಜ್ವರ ಬಂದ್ರೂ ಕಾಯದೆ ಡಾಕ್ಟರ್ ಹತ್ರ ಹೋಗಿ, ಡಾಕ್ಟರ್ ಬರೆದುಕೊಡೋ, ಫ್ಲೂ ವೈರಸ್ ತಡೆಯೋ ಮಾತ್ರೆ ಮೊದಲ ಎರಡು ದಿನದಲ್ಲಿ ಶುರು ಮಾಡಿದ್ರೇನೇ ಚೆನ್ನಾಗಿ ಕೆಲಸ ಮಾಡೋದು.

ಉಸಿರು ಜೋರಾಗಿ ಹೋಗ್ತಾ ಪಕ್ಕೆ ಒಳಗೆ ಎಳೀತಿದ್ರೆ, ತುಟಿ ನೀಲಿ ಆದ್ರೆ, ನೀರೂ ಕುಡೀದೆ ಮಂಕಾಗಿ ಬಿದ್ದಿದ್ರೆ, ಎಂಟು ಗಂಟೆ ಉಚ್ಚೆ ಹೋಗದಿದ್ರೆ, ಜ್ವರ ಬಿಟ್ಟು ಮತ್ತೆ ಜೋರಾಗಿ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಹತ್ತಿರದ ಮುನಿಸಿಪಲ್ ಆಸ್ಪತ್ರೆಗೆ ಹೊರಡಿ. ಗಾಡಿ ಸಿಗದಿದ್ರೆ 108.

ಬಾತ್ರೂಮಲ್ಲಿ ಸೋಪ್ ಇಡಿಸಿದೀವಿ, ಬಾಟಲಿ ಹಂಚ್ಕೊಳ್ಳೋದು ಬೇಡ ಅಂತ ಕ್ಲಾಸಲ್ಲಿ ದಿನಾ ಹೇಳ್ತಿದೀವಿ, ಅವರವರ ಬಾಟಲಿ ಮೇಲೆ ಹೆಸರು ಬರೆದು ಕಳಿಸಿ. ಜ್ವರ ಬಂದ ಮಗುವನ್ನ ಆಫೀಸ್ ಪಕ್ಕದ ರೂಮಲ್ಲಿ ಕೂರಿಸಿ ನಿಮಗೆ ಫೋನ್ ಮಾಡ್ತೀವಿ, ಡ್ಯೂಟಿಲಿ ಫೋನ್ ಎತ್ತೋಕಾಗದವರು ಇನ್ನೊಬ್ಬರ ನಂಬರ್ ಸೋಮವಾರದೊಳಗೆ ಕ್ಲಾಸ್ ಟೀಚರಿಗೆ ಕೊಡಿ. ರಜೆ ಇದ್ರೆ ಬೆಳಿಗ್ಗೆ ಒಂದು ಮೆಸೇಜ್ ಹಾಕಿ, ಜ್ವರ ಅಂತ ಬರೆದ್ರೆ ಸಾಕು.

ನಿಮ್ಮ
ಮುಖ್ಯ ಶಿಕ್ಷಕಿ