ಇಂಟರ್ನ್‌ಶಿಪ್ ಡೈರಿಯಲ್ಲಿ ಸಂತ್ರಸ್ತರ ಗುರುತು ಬೇಡ

ಅಪರಾಧಶಾಸ್ತ್ರ ಪದವಿ ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್‌ಗೆಂದು ಠಾಣೆ, ನ್ಯಾಯಾಲಯಗಳಿಗೆ ಕಳಿಸುವ ಮುನ್ನ ಡೈರಿ ಬರೆಯುವುದನ್ನು ಕಾಲೇಜುಗಳು ಕಲಿಸಲೇಬೇಕು. ಎಫ್‌ಐಆರ್ ಎದುರಿಗಿಟ್ಟುಕೊಂಡು ಹೆಸರು, ವಿಳಾಸ ಸಮೇತ ನಕಲು ಮಾಡುವ ಅಭ್ಯಾಸ ಅಪಾಯಕಾರಿ. ಅತ್ಯಾಚಾರ ಸಂತ್ರಸ್ತೆಯ ಗುರುತು ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 72ರಡಿ 2 ವರ್ಷದವರೆಗೆ ಜೈಲು. ಮಕ್ಕಳ ವಿಷಯದಲ್ಲಿ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಇದೆ. ಹೆಸರು ಅಳಿಸಿದರಷ್ಟೇ ಸಾಲದು. ಸಣ್ಣ ಊರಲ್ಲಿ ಶಾಲೆ ಯಾವುದು, ತಂದೆಯ ಕಸುಬೇನು ಎಂದು ಬರೆದರೂ ಗುರುತು ಸಿಕ್ಕಿಬಿಡುತ್ತದೆ. ‘ಬಾಲಕಿ, ಪೋಕ್ಸೊ ಪ್ರಕರಣ’ ಎಂದಷ್ಟೇ ನಮೂದಿಸಿ, ಮಹಜರು ಹೇಗೆ ನಡೆಯಿತು, ಅದರ ಸಾಕ್ಷಿಗಳಾದ ಪಂಚರು ಎಲ್ಲಿ ಸಹಿ ಹಾಕಿದರು, ವಶಪಡಿಸಿಕೊಂಡ ವಸ್ತುವನ್ನು ಹೇಗೆ ಸೀಲ್ ಮಾಡಿದರು ಎಂಬುದನ್ನು ವಿವರಿಸಲಿ. ಅಂಕ ಕೊಡಬೇಕಾದದ್ದು ಇದಕ್ಕೆ. ಮೇಲ್ವಿಚಾರಕರ ಸಹಿಯನ್ನು ಕೊನೇ ದಿನ ಒಟ್ಟಿಗೆ ಹಾಕಿಸದೆ ವಾರಕ್ಕೊಮ್ಮೆ ಪಡೆದರೆ, ಇಂಥ ತಪ್ಪುಗಳು ಡೈರಿ ಕಾಲೇಜಿಗೆ ಬರುವ ಮೊದಲೇ ಸಿಗುತ್ತವೆ.

– ಅಪರಾಧಶಾಸ್ತ್ರ ಬೋಧಕರು, ಧಾರವಾಡ