ಸಂಪಾದಕೀಯ: ಕಾವಲಿಯ ಮುಂದೆ ನಿಲ್ಲುವವರು ಬೇಕಾಗಿದ್ದಾರೆ

ನಮ್ಮ ಸಂಘದ ಕನ್ನಡ ತರಗತಿಯಲ್ಲಿ ‘ನಮ್ಮೂರಿನ ತಿಂಡಿಗಳು’ ಎಂಬ ವಿಷಯವಾಗಿ ಕೆಲವು ಸಾಲು ಬರೆದು ತರಲು ಹೇಳಿದ್ದಾಗ, ಒಂದು ಮಗು ಮದ್ದೂರು ವಡೆ, ನೀರುದೋಸೆಗಳ ಕೆಳಗೆ ‘ಫ್ರಿಟಾ’ ಎಂದೂ ಬರೆದಿತ್ತು. ಶಿಕ್ಷಕಿ ಕಾರಣ ಕೇಳಿದ್ದಕ್ಕೆ, “ಮಿಸ್, ನಮ್ಮೂರು ಮಯಾಮಿ ಅಲ್ವಾ?” ಎಂದಿತಂತೆ. ಆ ಉತ್ತರಕ್ಕೆ ಪೂರ್ಣ ಅಂಕ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ರಾಜ್ಯೋತ್ಸವ ಸಂಚಿಕೆಗೆ ಬರುತ್ತದೆಂದು ನಂಬಿದ್ದ ಲೇಖನಗಳು ಬಾರದಿರುವುದರಿಂದಲೂ, ನಾಳೆ ಬೆಳಿಗ್ಗೆ ಪುಟಗಳು ಮುದ್ರಣಕ್ಕೆ ಹೋಗಲೇಬೇಕಾಗಿರುವುದರಿಂದಲೂ, ಈ ಬಾರಿ ಫ್ರಿಟಾದ ಕುರಿತೇ ಬರೆಯುತ್ತಿದ್ದೇನೆ.

ಫ್ರಿಟಾ ಎಂದರೆ ಕ್ಯೂಬನ್ನರ ಹ್ಯಾಂಬರ್ಗರ್. 1959ರ ಕ್ರಾಂತಿಗೆ ಮುಂಚೆ ಅದು ಹವಾನಾ ನಗರದ ಬೀದಿಬದಿಯ ಗಾಡಿಗಳಲ್ಲಿ ಬಡವರೂ ಕೊಂಡು ತಿನ್ನಬಹುದಾಗಿದ್ದ ತಿನಿಸಾಗಿತ್ತು. 1968ರ ಮಾರ್ಚ್‌ನಲ್ಲಿ ಫಿಡೆಲ್ ಕ್ಯಾಸ್ಟ್ರೋ ಸರ್ಕಾರವು ಅಲ್ಲಿಯವರೆಗೆ ಖಾಸಗಿಯಾಗಿ ಉಳಿದುಕೊಂಡಿದ್ದ ಸಣ್ಣಪುಟ್ಟ ಅಂಗಡಿ, ತಿಂಡಿಗಾಡಿಗಳನ್ನೂ ವಶಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ದೇಶ ಬಿಟ್ಟು ಬಂದವರು ಇಲ್ಲಿನ ಎಂಟನೆಯ ಬೀದಿಯಲ್ಲಿ, ಅಂದರೆ ಅವರ ಬಾಯಲ್ಲಿ ಕಾಯೆ ಓಚೋದಲ್ಲಿ, ಕಾವಲಿ ಹೂಡಿದ್ದರು. ಇಂದು ಆ ಬೀದಿಯಲ್ಲಿ ‘ಎಲ್ ರೇ ದೆ ಲಾಸ್ ಫ್ರಿಟಾಸ್’, ‘ಎಲ್ ಮಾಗೊ ದೆ ಲಾಸ್ ಫ್ರಿಟಾಸ್’ ಎಂಬ ಹೋಟೆಲುಗಳು ಫ್ರಿಟಾದ ಹೆಸರಿನಲ್ಲೇ ಪ್ರಸಿದ್ಧವಾಗಿವೆ. ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ; ನಮ್ಮ ಕಾರ್ಯಕಾರಿ ಸಮಿತಿಯಲ್ಲೇ ಎರಡು ಪಕ್ಷಗಳಿವೆ.

ನಾನು ಫ್ರಿಟಾ ಮಾಡುವುದನ್ನು ನೋಡಿ ಕಲಿತದ್ದು ಮಯಾಮಿಯ ಪಕ್ಕದ ಹಯಾಲಿಯಾ ಊರಿನ ಬಾಡಿಗೆ ಮನೆಯಲ್ಲಿದ್ದಾಗ. ಪಕ್ಕದ ಮನೆಯಲ್ಲಿ ಹವಾನಾದಿಂದ ಬಂದ ಅಜ್ಜನೊಬ್ಬರು ಇದ್ದರು. ಭಾನುವಾರಗಳಲ್ಲಿ ಹಿತ್ತಲಿನ ಮಾವಿನ ಮರದಡಿ ಭಾರಿ ಕಬ್ಬಿಣದ ಕಾವಲಿಯನ್ನು ಒಲೆಗೇರಿಸಿ, ಹಿಂದಿನ ರಾತ್ರಿಯೇ ಮಸಾಲೆ ಬೆರೆಸಿಟ್ಟ ಕೊಚ್ಚಿದ ಮಾಂಸವನ್ನು ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆಗಳಾಗಿ ಕಟ್ಟಿಕೊಂಡು ನಿಲ್ಲುತ್ತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನನಗೆ ಸ್ಪ್ಯಾನಿಷ್ ಏನೂ ಬಾರದು. ಆದರೂ ಉಂಡೆಯನ್ನು ಯಾವಾಗ ಒತ್ತಬೇಕು, ಯಾವಾಗ ಮುಟ್ಟಬಾರದು ಎಂಬುದನ್ನು ಅವರ ಕೈಯೇ ಹೇಳುತ್ತಿತ್ತು. ಒಮ್ಮೆ ಅವರ ಮನೆಯಲ್ಲಿ ಪ್ಯಾಪ್ರಿಕಾ, ಅಂದರೆ ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ, ಮುಗಿದಿದ್ದಾಗ, ಅಮ್ಮ ಕಳಿಸಿದ್ದ ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನು ಒಯ್ದು ಕೊಟ್ಟೆ. ಬೆರಳಲ್ಲಿ ತಿಕ್ಕಿ, ಮೂಸಿ, ಬಹಳ ಹೊತ್ತು ಅನುಮಾನಿಸಿ, ಕಡೆಗೆ ಹಾಕಿದರು. ಬಣ್ಣ ಸರಿಯಾಗಿಯೇ ಬಂತು, ಖಾರವೂ ಮಿತಿ ಮೀರಲಿಲ್ಲ. ಸ್ಪೇನಿನ ಪುಡಿಗಿರುವ ಹೊಗೆಯ ಪರಿಮಳ ಮಾತ್ರ ಇರಲಿಲ್ಲವಾದ್ದರಿಂದ ಇನ್ನೊಂದು ಚಿಟಿಕೆ ಜೀರಿಗೆ ಉದುರಿಸಿದರು. ನನ್ನ ಹೆಂಡತಿಯ ಪಾಲನ್ನು ಮನೆಗೆ ಒಯ್ಯುತ್ತೇನೆಂದರೆ ಅವರು ಒಪ್ಪಲೇ ಇಲ್ಲ. ಬೇಲಿ ದಾಟುವಷ್ಟರಲ್ಲಿ ಆಲೂಗಡ್ಡೆ ಮೆತ್ತಗಾಗುತ್ತದೆ, ಅವಳನ್ನೇ ಕರೆ ಎಂದು ಸನ್ನೆ ಮಾಡಿದರು. ಅವಳು ಮಾಂಸ ಮುಟ್ಟುವವಳಲ್ಲವೆಂದು ತಿಳಿದಾಗ ಬೇಸರಿಸದೆ, ಬನ್ನಿನ ತುಂಬ ಆಲೂಗಡ್ಡೆ, ಈರುಳ್ಳಿ ತುಂಬಿ ಕೊಟ್ಟರು.

ಮಾಡುವ ವಿಧಾನವನ್ನು ಕೇಳಿದವರು ಹಲವರಿರುವುದರಿಂದ ಇಲ್ಲಿಯೇ ಬರೆಯುತ್ತೇನೆ. ಆರು ಮಂದಿಗೆ ಸುಮಾರು 450 ಗ್ರಾಂ ಕೊಚ್ಚಿದ ಗೋಮಾಂಸ ಬೇಕು. ಕೆಲವರು ಅದಕ್ಕೆ 150 ಗ್ರಾಂನಷ್ಟು ಹಂದಿಮಾಂಸವನ್ನೋ ಚೊರಿಝೊ ಸಾಸೇಜನ್ನೋ ಸೇರಿಸುತ್ತಾರೆ. ಹಾಲಿನಲ್ಲಿ ನೆನೆಸಿದ ಕಾಲು ಬಟ್ಟಲು ಬ್ರೆಡ್ ಪುಡಿ, ತುರಿದ ಸಣ್ಣ ಈರುಳ್ಳಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಎರಡು ಟೀ ಚಮಚ ಪ್ಯಾಪ್ರಿಕಾ, ಅರ್ಧ ಚಮಚ ಜೀರಿಗೆ ಪುಡಿ, ಉಪ್ಪು, ಕರಿಮೆಣಸು ಹಾಕಿ ಹಗುರವಾಗಿ ಕಲಸಿ, ಕೆಲವು ಗಂಟೆ ಫ್ರಿಜ್‌ನಲ್ಲಿಡಬೇಕು. ಆಲೂಗಡ್ಡೆಯನ್ನು ಬೆಂಕಿಕಡ್ಡಿಗಿಂತ ತೆಳ್ಳಗೆ ಹೆಚ್ಚಿ, ತಣ್ಣೀರಿನಲ್ಲಿಟ್ಟು ಗಂಜಿ ಬಿಡಿಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, 180 ಡಿಗ್ರಿ ಸೆಲ್ಸಿಯಸ್ ಎಣ್ಣೆಯಲ್ಲಿ ಗರಿಗರಿಯಾಗಿ ಕರಿಯಬೇಕು. ಒರೆಸುವುದರಲ್ಲಿ ಸೋಮಾರಿತನ ಮಾಡಿದರೆ ಎಣ್ಣೆ ಸಿಡಿಯುತ್ತದೆ. ಉಂಡೆಯನ್ನು ಕಾದ ಕಾವಲಿಯ ಮೇಲಿಟ್ಟು ತೆಳ್ಳಗೆ ಒತ್ತಿ, ಅಂಚು ಕಂದಾದ ಮೇಲೆ ಮಗುಚಿ, ಟೊಮೆಟೊ, ಪ್ಯಾಪ್ರಿಕಾ, ವಿನೆಗರ್ ಕುದಿಸಿ ಮಾಡಿದ ತೆಳುವಾದ ಕೆಂಪು ಸಾಸನ್ನು ಮೇಲೆ ಸುರಿದು ಬೇಯಿಸಬೇಕು. ಅದೇ ಕಾವಲಿಯಲ್ಲಿ ಬಿಸಿ ಮಾಡಿದ ಮೃದುವಾದ ಕ್ಯೂಬನ್ ಬನ್ನಿನಲ್ಲಿಟ್ಟು, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ ಹಾಕಿ, ಆಲೂಗಡ್ಡೆಯನ್ನು ಚೆಲ್ಲುವಷ್ಟು ಪೇರಿಸಿದರೆ ಫ್ರಿಟಾ ಸಿದ್ಧ. ಮೇಲೊಂದು ಕರಿದ ಮೊಟ್ಟೆ ಕೂತರೆ ಅದು ಕುದುರೆ ಏರಿದ ಫ್ರಿಟಾ, ‘ಆ ಕಬಾಯೊ’. ಲೆಟಿಸ್, ಚೀಸ್ ಹಾಕುವವರಿದ್ದಾರೆ. ಹಾಕಲಿ, ಆದರೆ ಅದು ಬೇರೆ ಪದಾರ್ಥ.

ಗೋಮಾಂಸ ನಮ್ಮ ಸಂಘದ ಊಟದಲ್ಲಿ ಇರುವುದಿಲ್ಲ. ಆದ್ದರಿಂದ ರಾಜ್ಯೋತ್ಸವದ ದಿನ ಕೋಳಿಯ ಖೀಮಾದಲ್ಲಿ, ಒಳಗೆ 74 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವವರೆಗೆ ಬೇಯಿಸಿ, ಇದನ್ನು ಮಾಡೋಣವೆಂದು ಸಮಿತಿ ನಿರ್ಧರಿಸಿದೆ. ಸಸ್ಯಾಹಾರಿಗಳಿಗೆ ಪ್ರತ್ಯೇಕ ಕಾವಲಿ, ಪ್ರತ್ಯೇಕ ಎಣ್ಣೆ, ಮತ್ತು ಮೇಲೆ ಹೇಳಿದ ಆಲೂಗಡ್ಡೆ ಬನ್. ಎರಡಕ್ಕೂ ಫ್ರಿಟಾ ಎಂಬ ಫಲಕ ಹಾಕುವುದು ಬೇಡವೆಂದು ನಾನು ವಾದಿಸಿ ಸೋತಿದ್ದೇನೆ.

ಇನ್ನು ಪ್ರಕಟಣೆಗಳು. ರಾಜ್ಯೋತ್ಸವ ಸಮಾರಂಭ ನವೆಂಬರ್ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹತ್ತಕ್ಕೆ ಎಂದಿನ ಉದ್ಯಾನವನದಲ್ಲಿ ನಡೆಯುತ್ತದೆ. ಮಕ್ಕಳ ನಾಟಕದ ತಾಲೀಮು ಪ್ರತಿ ಭಾನುವಾರ ಸಂಜೆ. ದೀಪಾವಳಿ ಊಟದ ಬಾಕಿ ಹಣ ಕೊಡಬೇಕಾದವರು ದಯವಿಟ್ಟು ಖಜಾಂಚಿಯವರನ್ನು ಕಾಣಬೇಕು. ಕನ್ನಡ ತರಗತಿಗೆ ಹೊಸ ಮಕ್ಕಳ ನೋಂದಣಿ ತೆರೆದಿದೆ. ಫ್ರಿಟಾ ಮಳಿಗೆಗೆ ಹೆಸರು ಕೊಟ್ಟವರೆಲ್ಲರೂ ಟೋಕನ್ ಹರಿಯುವ ಮೇಜಿಗೇ ಕೊಟ್ಟಿದ್ದಾರೆ. ಆಲೂಗಡ್ಡೆ ಹೆಚ್ಚಲು ನಾಲ್ವರು, ಕಾವಲಿಯ ಮುಂದೆ ಸರದಿಯಲ್ಲಿ ನಿಲ್ಲಲು ಆರು ಮಂದಿ ಬೇಕಾಗಿದ್ದಾರೆ. ಅನುಭವ ಬೇಕಿಲ್ಲ, ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಕಲಿಸಿಕೊಡುತ್ತೇನೆ. ಮನೆಯಲ್ಲಿ ಹರಿತವಾದ ತುರಿಯುವ ಮಣೆ ಇದ್ದವರು ಅದನ್ನೂ ಹೆಸರು ಬರೆದು ತರಬೇಕು. ಮತ್ತು ಮುಂದಿನ ಸಂಚಿಕೆಯ ಸಂಪಾದನೆಯನ್ನು ಯಾರಾದರೂ ವಹಿಸಿಕೊಂಡರೆ ನಾನು ಆ ತಿಂಗಳು ನೆಮ್ಮದಿಯಾಗಿ ಈರುಳ್ಳಿ ಹೆಚ್ಚಲು ಸಿದ್ಧನಿದ್ದೇನೆ.