ಬೈಕಿನ ಶಾಕಪ್ ಬದಲಿಸುವ ಮುನ್ನ ತೂಕ ಕೇಳಿ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂತೆಂದರೆ ಪುಣೆ, ಪಿಂಪ್ರಿ-ಚಿಂಚವಡದಲ್ಲಿ ದುಡಿಯುವ ನಮ್ಮ ಕನ್ನಡದ ಹುಡುಗರು ಗ್ಯಾರೇಜಿಗೆ ಬರತೊಡಗುತ್ತಾರೆ. ಹಬ್ಬದ ಹೊತ್ತಿಗೆ ಬಸ್ಸಿನಲ್ಲಿ ಸೀಟು ಸಿಗುವುದು ಕಷ್ಟ. ಹಾಗಾಗಿ ನಿಪ್ಪಾಣಿ, ಬೆಳಗಾವಿ, ಗೋಕಾಕದವರೆಗೂ ಬೈಕೇ ಗತಿ. ಹಿಂದೆ ಹೆಂಡತಿ, ನಡುವೆ ಮಗು, ಪಕ್ಕಕ್ಕೆ ಬಿಗಿದ ಚೀಲ. "ಅಣ್ಣಾ, ಹಿಂದಿನ ಶಾಕಪ್ ಬಡಿಯಾಕ ಹತ್ತೈತಿ, ಚಲೋದೊಂದು ಭಾರೀ ಜೋಡಿ ಹಾಕಿ ಕೊಡ್ರಿ" ಎನ್ನುತ್ತಾರೆ. ಶಾಕಪ್ ಎಂದರೆ ಶಾಕ್ ಅಬ್ಸಾರ್ಬರ್, ಗುಂಡಿಯ ಪೆಟ್ಟು ನುಂಗುವ ಸ್ಪ್ರಿಂಗಿನ ಕೊಳವೆ. ಭೋಸರಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ನಾನು ಮೊದಲು ಅವರ ತೂಕ ಕೇಳುತ್ತೇನೆ, ಆಮೇಲೆ ಹಿಂದೆ ಕೂರುವವರ ತೂಕ. ಬಿಡಿಭಾಗ ಮಾರುವ ಅಂಗಡಿಯವರು, ಹೊಸ ಗಾಡಿ ಕೊಡುವ ಶೋರೂಮಿನವರು ಕೂಡ ಇದನ್ನು ಕೇಳಲಿ ಎಂದೇ ಈ ಪತ್ರ.

ಹೆಚ್ಚಿನ ಬೈಕುಗಳ ಹಿಂದಿನ ಶಾಕಪ್ಪಿನಲ್ಲಿ ಸ್ಪ್ರಿಂಗಿನ ಬುಡಕ್ಕೆ ಮೆಟ್ಟಿಲು ಮೆಟ್ಟಿಲಾದ ಒಂದು ರಿಂಗ್ ಇರುತ್ತದೆ. ಸಾಮಾನ್ಯವಾಗಿ 5 ಮೆಟ್ಟಿಲು. ಕೊಕ್ಕೆಯಂತಹ ಪಾನಾ ಹಾಕಿ ತಿರುಗಿಸಿದರೆ ಒಂದೊಂದೇ ಮೆಟ್ಟಿಲು ಏರುತ್ತದೆ. ಎರಡೂ ಕಡೆ ಒಂದೇ ಮೆಟ್ಟಿಲಲ್ಲಿರಬೇಕು. ನನ್ನಲ್ಲಿಗೆ ಬರುವ ಎಷ್ಟೋ ಗಾಡಿಗಳಲ್ಲಿ ಈ ರಿಂಗ್ ಮಣ್ಣು, ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಶೋರೂಮಿನಿಂದ ಹೊರಬಂದ ಮೇಲೆ ಅದನ್ನು ಯಾರೂ ಮುಟ್ಟಿಯೇ ಇರುವುದಿಲ್ಲ. 55 ಕಿಲೋದ ಹುಡುಗ ಒಬ್ಬನೇ ಓಡಿಸುವ ಗಾಡಿಗೂ ದಂಪತಿ, ಮಗು, ಸಾಮಾನು ಹೊರುವ ಗಾಡಿಗೂ ಅದೇ ಮೆಟ್ಟಿಲು!

ರಿಂಗ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಮೆಕ್ಯಾನಿಕ್ಕುಗಳೇ ಹೇಳುವುದುಂಟು. ಆಗುವುದಿಲ್ಲ. ಸ್ಪ್ರಿಂಗಿನ ಬಿರುಸು ಅದರ ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಲೆಕ್ಕದಲ್ಲಿದೆ. ರಿಂಗಿನಿಂದ ಬದಲಾಗುವುದು ಭಾರ ಬಿದ್ದಾಗ ಗಾಡಿಯ ಹಿಂಭಾಗ ಎಷ್ಟು ಕುಸಿಯುತ್ತದೆ ಎಂಬುದು. ಇದನ್ನು ಅಳೆಯಲು ದರ್ಜಿಯ ಟೇಪು ಸಾಕು. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಿರುವಾಗ, ಚಕ್ರದ ಅಚ್ಚಿನಿಂದ ನೇರ ಮೇಲೆ ಸೀಟಿನ ಅಂಚಿನವರೆಗೆ ಅಳೆಯಿರಿ. ಆಮೇಲೆ ಸ್ಟ್ಯಾಂಡ್ ಇಳಿಸಿ, ಊರಿಗೆ ಹೋಗುವಾಗ ಹೇಗೆ ಕೂರುತ್ತೀರೋ ಹಾಗೆಯೇ ಕೂತು ಇನ್ನೊಬ್ಬರಿಂದ ಅಳೆಸಿ. ಎರಡರ ವ್ಯತ್ಯಾಸ ಚಕ್ರದ ಒಟ್ಟು ಏರಿಳಿತದ ಮೂರನೇ ಒಂದು ಭಾಗದ ಆಸುಪಾಸು ಇರಲಿ. 90 ಮಿ.ಮೀ. ಏರಿಳಿಯುವ ಚಕ್ರಕ್ಕೆ 30 ಮಿ.ಮೀ. ಕೊನೆಯ ಮೆಟ್ಟಿಲಿಗೆ ಏರಿಸಿದ ಮೇಲೂ ಅದಕ್ಕಿಂತ ಬಹಳ ಕುಸಿದರೆ ಆಗ ಹಣ ಖರ್ಚು ಮಾಡಿ, ನಿಮ್ಮ ಭಾರಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸಿ. ಸೀಟನ್ನು ಒತ್ತಿ ಬಿಟ್ಟಾಗ ಹಿಂಭಾಗ ಒಮ್ಮೆ ಮೇಲೆದ್ದು ನಿಲ್ಲದೆ ಕುಣಿಯುತ್ತಿದ್ದರೆ, ಅಥವಾ ಎಣ್ಣೆ ಸೋರಿ ಧೂಳು ಮೆತ್ತಿದ್ದರೆ, ಶಾಕಪ್ ಮುಗಿದಿದೆ, ಜೋಡಿಯನ್ನೇ ಬದಲಿಸಬೇಕು.

ಡಬ್ಬಿ ಇರುವ ಶಾಕಪ್ಪಿನ ಮೋಹ ನಮ್ಮ ಹುಡುಗರಿಗೆ ಬಹಳ. ಆ ಡಬ್ಬಿಯಲ್ಲಿ ಒತ್ತಡದಲ್ಲಿರುವ ನೈಟ್ರೋಜನ್, ಗುಂಡಿಯ ಮೇಲೆ ಗುಂಡಿ ಬಿದ್ದಾಗ ಒಳಗಿನ ಎಣ್ಣೆ ನೊರೆಗಟ್ಟದಂತೆ ತಡೆಯುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಪಲ್ಸರ್ 150ರ ಜೋಡಿಯನ್ನು ತಂದು ಸ್ಪ್ಲೆಂಡರಿಗೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಸ್ಪ್ಲೆಂಡರ್ ತೂಗುವುದು 112 ಕಿಲೋ, ಪಲ್ಸರ್ ಅದಕ್ಕಿಂತ ಸುಮಾರು 30 ಕಿಲೋ ಹೆಚ್ಚು. ಆ ಗಾಡಿಗೆಂದು ಮಾಡಿದ ಸ್ಪ್ರಿಂಗು, ಆ ಗಾಡಿಗೆಂದು ಕೊಟ್ಟ ಉದ್ದ. ಹಿಂಭಾಗ ಎತ್ತರವಾದರೆ ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದ ಜೋಡಿ ಕೊಳವೆ, ನೆಟ್ಟಗಾಗಿ ಹ್ಯಾಂಡಲ್ ಚಂಚಲವಾಗುತ್ತದೆ. ದೊಡ್ಡ ಸ್ಟ್ಯಾಂಡಿಗೆ ಹಾಕಿದರೂ ಚಕ್ರ ನೆಲ ಬಿಡದಷ್ಟು ಎತ್ತರ ಮಾಡಿಕೊಂಡವರನ್ನು ಕಂಡಿದ್ದೇನೆ.

ಮುಂದಿನ ಫೋರ್ಕನ್ನಂತೂ ಯಾರೂ ನೆನೆಯುವುದಿಲ್ಲ. ಅದರ ಎಣ್ಣೆ ಬಿಚ್ಚಿದರೆ ಕೆಸರಿನಂತೆ ಕಪ್ಪಗೆ ಬರುತ್ತದೆ. ಹೊಸ ಫೋರ್ಕ್ ಆಯಿಲ್, ಕಂಪನಿ ಹೇಳಿದ ದರ್ಜೆಯದು, ಹೇಳಿದಷ್ಟೇ ಅಳತೆಗೆ ಹಾಕಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ. ಗಟ್ಟಿಯಾಗಲೆಂದು ಅದಕ್ಕಿಂತ ದಪ್ಪನೆಯ ಇಂಜಿನ್ ಆಯಿಲ್ ಸುರಿಯುವವರಿದ್ದಾರೆ. ಸಾಧಾರಣ ಫೋರ್ಕಿನಲ್ಲಿ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗಬೇಕು. ಅದರ ವೇಗ ಇಮ್ಮಡಿಯಾದರೆ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ದಪ್ಪ ಎಣ್ಣೆ ಹಾಕಿದ ಗಾಡಿ ಚೂಪು ಗುಂಡಿಗೆ ಬಿದ್ದರೆ ಪೆಟ್ಟು ನೇರ ಮಣಿಕಟ್ಟಿಗೆ. ಅಳತೆ ಮೀರಿ ತುಂಬಿಸಿದರೆ ಒಳಗಿನ ಗಾಳಿಗೆ ಜಾಗವಿಲ್ಲದೆ ಆಯಿಲ್ ಸೀಲ್ ಕಿತ್ತುಬರುತ್ತದೆ.

ಇದೆಲ್ಲ ಬರೀ ಬೆನ್ನುನೋವಿನ ಮಾತಲ್ಲ. ಹಿಂಭಾಗ ಕುಸಿದ ಗಾಡಿಯ ಹೆಡ್‌ಲೈಟ್ ರಸ್ತೆ ಬಿಟ್ಟು ಆಕಾಶ ನೋಡುತ್ತದೆ. ರಾತ್ರಿ ಹೊತ್ತು ಪುಣೆ-ಸಾತಾರಾ ದಾರಿಯ ಖಂಬಾಟಕಿ ಘಾಟಿನ ತಿರುವಿನಲ್ಲಿ ಮುಂದಿನ ಚಕ್ರದ ಮೇಲೆ ಭಾರವಿಲ್ಲದೆ, ಕಣ್ಣಿಗೆ ರಸ್ತೆ ಕಾಣದೆ ಸಂಸಾರ ಕೂರಿಸಿಕೊಂಡು ಹೋಗುವವರನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ.

ಹಳೇ ಗಾಡಿಯ ಚಾಸಿ ಕೊಯ್ದು, ವೆಲ್ಡಿಂಗ್ ಮಾಡಿ ಮೊನೊಶಾಕ್ (ಜೋಡಿಯ ಬದಲು ಒಂದೇ ಶಾಕಪ್) ಕೂರಿಸಿ ಕೊಡಿ ಎಂದು ಬರುವವರನ್ನು ನಾನು ವಾಪಸು ಕಳಿಸುತ್ತೇನೆ. ಕಂಪನಿ ನಮೂದಿಸಿದ್ದಕ್ಕೂ ನೋಂದಣಿ ವಿವರಕ್ಕೂ ತಾಳೆಯಾಗದಂತೆ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಕಾನೂನು ಬದಿಗಿರಲಿ, ಆ ಬೆಸುಗೆ ಬಿಟ್ಟರೆ ಜೀವ ಹೋಗುತ್ತದೆ.

ಶಾಕ್ ಅಬ್ಸಾರ್ಬರ್ ತಯಾರಿಸುವ ಕಾರ್ಖಾನೆ ಇಲ್ಲೇ ಚಾಕಣದಲ್ಲಿದೆ, ಬೈಕ್ ಕಾರ್ಖಾನೆಯೂ ಅಲ್ಲೇ. ಬೈಕ್ ತಯಾರಕರಲ್ಲಿ ನನ್ನ ಕೋರಿಕೆ ಇಷ್ಟು. ಟೈರಿಗೆ ಒಬ್ಬರಿದ್ದಾಗ ಎಷ್ಟು ಗಾಳಿ, ಇಬ್ಬರಿದ್ದಾಗ ಎಷ್ಟು ಎಂದು ಗಾಡಿಯ ಮೇಲೆ ಚೀಟಿ ಅಂಟಿಸುತ್ತೀರಿ. ಅದೇ ಚೀಟಿಯಲ್ಲಿ ಎಷ್ಟು ಕಿಲೋಗೆ ಶಾಕಪ್ ಎಷ್ಟನೇ ಮೆಟ್ಟಿಲಲ್ಲಿರಬೇಕು ಎಂದೂ, ಕನ್ನಡ, ಮರಾಠಿ, ಹಿಂದಿಯಲ್ಲಿ ಅಚ್ಚು ಹಾಕಿಸಿ. ಶೋರೂಮಿನವರು ಕೀಲಿ ಕೊಡುವ ಮುಂಚೆ ಗ್ರಾಹಕರನ್ನು ಕೂರಿಸಿ ರಿಂಗ್ ತಿರುಗಿಸಿ ಕೊಡಲಿ.

— ಅಥಣಿ ತಾಲ್ಲೂಕಿನ ಒಬ್ಬ ಮೆಕ್ಯಾನಿಕ್, ಭೋಸರಿ, ಪುಣೆ